ಮೂರನೇ ಪೀಪಾಯಿಯ ಸಿಳ್ಳೆ

ಅಯ್ಯೋ, ಆ ಕುರ್ಚಿ ಬೇಡ... ಒಲೆ ಪಕ್ಕದ್ದೊಂದು ಬಿಟ್ಟು ಬೇರೆ ಯಾವುದರಲ್ಲಾದ್ರೂ ಕೂತ್ಕೊಳ್ಳಿ. ಮುರಿದಿಲ್ಲ, ಗಟ್ಟಿಯಾಗೇ ಇದೆ. ಆದ್ರೂ ಬೇಡ.

ಇಷ್ಟು ಹೊತ್ತಲ್ಲಿ ಏರಿ ಮೇಲೆ ನಡ್ಕೊಂಡು ಬಂದ್ರಾ? ಹಳೇ ಪಂಪ್‌ಹೌಸ್ ಪಕ್ಕದಲ್ಲೇ? ಊರೊಳಗಿಂದ ಚೆನ್ನಾಗಿರೋ ರಸ್ತೆ ಇತ್ತಲ್ಲ ಮಹರಾಯ್ರಾ... ಇರಲಿ. ದಾರೀಲಿ ಏನಾದ್ರೂ ಕೇಳಿಸ್ತಾ?

ಬಾತು ಸಿಳ್ಳೆ ಹಾಕ್ತು ಅಂತೀರಾ. ಒಂದೇ ಸಲ. ಫ್ವೀ... ಊ. ಸರಿ. ಕೊನೇ 'ಊ' ಪೂರ್ತಿ ಇತ್ತಾ, ಇಲ್ಲ ನಡುವೆ ಮುರೀತಾ?

ಪೂರ್ತಿ ಇತ್ತು... ಹೂಂ.

ಒಂದು ತೊಟ್ಟು ಗ್ರಾಪ್ಪಾ ಹಾಕ್ಕೊಳ್ಳಿ, ದ್ರಾಕ್ಷಿ ಸಾರಾಯಿ, ಮೈ ಬೆಚ್ಚಗಾಗುತ್ತೆ. ನಾಳೆ ಬೆಳಕು ಹರಿಯೋ ಮುಂಚೆ ನೀವಿಬ್ಬರೂ ಹಕ್ಕಿ ಎಣಿಸೋಕೆ ಪೀಪಾಯಿಗೆ ಇಳಿಯೋರು. ಇಳಿಯೋ ಮುಂಚೆ ಇದನ್ನ ಕೇಳಿಸ್ಕೊಂಡಿರೋದು ಒಳ್ಳೇದು. ನಗಬೇಡಿ. ಬೊಲೋನ್ಯಾದಿಂದ ಬಂದವರೆಲ್ಲ ಮೊದಲು ನಗ್ತಾರೆ. ಕುತ್ತಿಗೆಗೆ ಇಷ್ಟು ದೊಡ್ಡ ದುರ್ಬೀನು ನೇತು ಹಾಕ್ಕೊಂಡ್ರೆ ಎಲ್ಲಾ ಕಾಣುತ್ತೆ ಅಂದ್ಕೊಂಡಿರ್ತಾರೆ.

ನಿಮಗೆ ಆ ಪೀಪಾಯಿ ಅಂದ್ರೆ ಮಜಾ. ಹಿನ್ನೀರಿನ ನಡುಮಧ್ಯೆ, ಕೆಸರಲ್ಲಿ ಹೂತಿಟ್ಟ ಮರದ ಪೀಪಾಯಿ. ಅಂಚು ನೀರಿನ ಮೇಲೆ ಒಂದು ಗೇಣು. ಸುತ್ತ ಜೊಂಡು ಕಟ್ಟಿರ್ತಾರೆ. ಒಳಗೆ ಸ್ಟೂಲ್ ಮೇಲೆ ಕೂತ್ರೆ ಕಣ್ಣು ನೀರಿನ ಮಟ್ಟಕ್ಕೆ ಬರುತ್ತೆ. ನಾಮದಕೋಳಿ ಮೂಗಿನ ಮುಂದೇನೇ ಈಜ್ಕೊಂಡು ಹೋಗುತ್ತೆ, ನೀವಿರೋದೇ ಅದಕ್ಕೆ ಗೊತ್ತಾಗಲ್ಲ. ಆದ್ರೆ ಅದನ್ನ ಹೂಳಿದ್ದು ಹಕ್ಕಿ ನೋಡೋಕಲ್ಲ ಸ್ವಾಮಿ, ಹೊಡೆಯೋಕೆ. ಪೋ ನದಿ ಸಮುದ್ರ ಸೇರೋ ಈ ಬಾಯಲ್ಲಿ ನಮ್ಮ ಅಪ್ಪನ ಕಾಲದಲ್ಲಿ ಚಳಿಗಾಲ ಅಂದ್ರೆ ಬಂದೂಕಿನ ಸದ್ದು.

ಅಪ್ಪನ ಹೆಸರು ಗ್ವೆರ್ರೀನೋ. ಸಿಳ್ಳೆ ಹಾಕೋದ್ರಲ್ಲಿ ಅವನಂಥವನು ಈ ಕರಾವಳೀಲಿ ಇನ್ನೊಬ್ಬ ಇರಲಿಲ್ಲ. ಒಂದು ಪುಟ್ಟ ತಗಡಿನ ಪೀಪಿ, ನಡುವೆ ತೂತು. ಹಲ್ಲಿನ ಸಂದೀಲಿ ಇಟ್ಕೊಂಡು ಊದಿದ್ರೆ ಆಕಾಶದಲ್ಲಿ ಹೋಗ್ತಿದ್ದ ಬಾತಿನ ಹಿಂಡು ರೆಕ್ಕೆ ಮಡಿಸಿ ಕೆಳಗಿಳೀತಿತ್ತು. ರಾತ್ರಿ ನಾನು ಮಲಗದೇ ಹಟ ಮಾಡಿದ್ರೆ ಬಾಗಿಲ ಸಂದಿಯಿಂದ ಒಂದು ಸಲ ಊದೋನು. ಫ್ವೀ... ಊ. ಆ 'ಊ' ಇಳೀತಾ ಇಳೀತಾ ನಿದ್ದೆ ಬಂದುಬಿಡ್ತಿತ್ತು.

ಪೀಪಾಯಿಗೆ ಬಿಟ್ಟು ಬರೋನು ದೋಣಿ ಆಡೆಲ್ಮೋ. ಆಗ ಇನ್ನೂ ಮೀಸೆ ಚಿಗುರ್ತಿದ್ದ ಹುಡುಗ, ನಮ್ಮಿಂದ ಮೂರನೇ ಮನೆಯವನು. ದೋಣಿಯವನಿಗೂ ಪೀಪಾಯಿಯವನಿಗೂ ಒಂದು ಕಟ್ಟುಪಾಡು ಇದೆ, ನಾಳೆ ನಿಮಗೂ ಹೇಳ್ತಾರೆ. ಒಳಗಿರೋನು ಪೀಪಿ ಊದಬೇಕು. ದೋಣಿಯವನು ಗಳದಲ್ಲಿ ದೋಣಿ ಪಕ್ಕಕ್ಕೆ ಎರಡು ಸಲ ಬಡೀಬೇಕು. ಟಕ್... ಟಕ್. ಮತ್ತೆ ಪೀಪಿ, ಮತ್ತೆ ಟಕ್ ಟಕ್. ಹಾಗೆ ಹುಡುಕ್ಕೊಂಡು ಬರೋದು. ಹೆಸರು ಕೂಗೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಮನುಷ್ಯರ ದನಿ ಕೇಳಿದ್ರೆ ಇಡೀ ಹಿನ್ನೀರಿನ ಹಕ್ಕಿ ಒಟ್ಟಿಗೆ ಏಳುತ್ತೆ, ಪಕ್ಕದ ಪೀಪಾಯಿಯವನ ಬೇಟೆ ಹಾಳು. ಹತ್ತಿದೋನು ಮುಂದೆ, ದೋಣಿಯವನಿಗೆ ಬೆನ್ನು ಮಾಡಿ ಕೂತ್ಕೋಬೇಕು. ದಡ ಸೇರೋವರೆಗೂ ತುಟಿ ಬಿಚ್ಚಬಾರದು. ಈಗ ಬೇಟೆ ನಿಂತು ಎಷ್ಟೋ ವರ್ಷ ಆಯ್ತು. ಕಟ್ಟುಪಾಡು ಹಾಗೇ ಇದೆ.

ಅವತ್ತು ಜನವರಿ. ಅಪ್ಪ ಮೂರನೇ ಪೀಪಾಯೀಲಿ. ಬೆಳಿಗ್ಗೆ ಶಿರೋಕ್ಕೋ ಎದ್ತು. ಸಮುದ್ರದಿಂದ ಬೀಸೋ ಬೆಚ್ಚನೆ ಗಾಳಿ ಅದು, ಮೈಗೆ ಹಾಯಾಗಿರುತ್ತೆ. ಆದ್ರೆ ಅದು ಬಂದ್ರೆ ಉಪ್ಪುನೀರು ಹಿನ್ನೀರಿಗೆ ನುಗ್ಗುತ್ತೆ, ಹಿಂದೇನೇ ಮಂಜು ಬರುತ್ತೆ. ಅಂಚು ಇರೋದೇ ಒಂದು ಗೇಣು. ನೀರು ಅದನ್ನ ದಾಟಿತೋ, ಪೀಪಾಯಿ ಒಂದೇ ಏಟಿಗೆ ತುಂಬುತ್ತೆ. ಒಳಗೇ ನಿಂತ್ರೆ ಚಳಿ ಕೊಲ್ಲುತ್ತೆ. ಹೊರಗೆ ಕಾಲಿಟ್ರೆ ಕೆಸರು ಸೊಂಟದವರೆಗೆ ಎಳ್ಕೊಳ್ಳುತ್ತೆ. ಆಡೆಲ್ಮೋ ಮಂಜಿನಲ್ಲಿ ಕತ್ತಲಾಗೋವರೆಗೂ ಸುತ್ತಿದ. ಸಿಳ್ಳೆ ಕೇಳಿಸ್ತಾನೇ ಇತ್ತಂತೆ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಆಮೇಲೆ ಕೇಳಿಸಲಿಲ್ಲ.

ಮಾರನೇ ದಿನ ಪೀಪಾಯೀಲಿ ಟೋಪಿ ತೇಲ್ತಿತ್ತು. ಬಂದೂಕು ತಳದಲ್ಲಿತ್ತು. ಅಪ್ಪ ಸಿಗಲೇ ಇಲ್ಲ. ಆ ಪೀಪಾಯಿಗೆ ಕಲ್ಲು ತುಂಬಿಬಿಟ್ರು, ಇನ್ನು ಯಾರೂ ಇಳಿಯೋದು ಬೇಡ ಅಂತ.

ಆ ಟೋಪಿ ಹಿಡ್ಕೊಂಡು ಆಡೆಲ್ಮೋ ಇದೇ ಹೊಸ್ತಿಲಿಗೆ ಬಂದ. ನಾನು ಅಮ್ಮನ ಏಪ್ರನ್ನಿನ ಅಂಚು ಹಿಡ್ಕೊಂಡು ನಿಂತಿದ್ದೆ. ನಮ್ಮಮ್ಮ ಆರ್ಜಿಯಾ ಅಳಲಿಲ್ಲ. ಟೋಪಿ ಇಸ್ಕೊಂಡ್ಲು.

"ನನ್ನ ಗಂಡನ್ನ ಕರ್ಕೊಂಡು ಹೋದೋನು ನೀನು," ಅಂದ್ಲು. "ವಾಪಸ್ ಕರ್ಕೊಂಡು ಬಂದ ದಿನ ಈ ಹೊಸ್ತಿಲು ದಾಟು. ಅಲ್ಲೀವರೆಗೂ ಈ ಕಡೆ ಮುಖ ಹಾಕಬೇಡ."

ಆಮೇಲೆ ಅವನ ಮದುವೆ ಆಯ್ತು, ಅವನ ಹೆಂಡತಿ ಸತ್ತಳು, ಅವನ ತಲೆ ನರೆತು ಹೋಯ್ತು. ಮೂರನೇ ಮನೆ. ಎದುರಿಗೆ ಸಿಕ್ಕರೆ ಅವನೇ ಏರಿ ಇಳಿದು ಹೊಲದ ಕಡೆಯಿಂದ ಹೋಗೋನು. ಪಾಪ ಅಂತ ನನಗೆ ಅನ್ನಿಸ್ತಿತ್ತು. ಅಮ್ಮನಿಗೆ ಅನ್ನಿಸ್ತಿರಲಿಲ್ಲ.

ಆಮೇಲೆ ಇದು ಹಕ್ಕಿಧಾಮ ಆಯ್ತು. ಬಂದೂಕು ಹೋಯ್ತು, ದುರ್ಬೀನು ಬಂತು. ಹಕ್ಕಿ ಎಣಿಸೋ ಹುಚ್ಚು ಹಿಡಿದೋರಲ್ಲಿ ಆಡೆಲ್ಮೋ ಮಗಳೂ ಒಬ್ಬಳು, ಮಿರ್ಕಾ. ತಾಯಿ ಇಲ್ಲದ ಹುಡುಗಿ. ಅವನಿಗೆ ಇದ್ದದ್ದು ಅವಳೊಬ್ಬಳೇ. ರೆಕ್ಕೆ ಬಡಿಯೋ ಸದ್ದಿನಲ್ಲೇ ಇದು ಯಾವ ಬಾತು ಅಂತ ಹೇಳೋಳು. ಆದ್ರೆ ಸಿಳ್ಳೆ ಹಾಕೋಕೆ ಮಾತ್ರ ಬರ್ತಿರಲಿಲ್ಲ. ಫ್ವೀ ಅಂತ ಏರಿಸೋಳು, ಇಳಿಸೋವಾಗ ಉಸಿರು ಮುಗಿದು ಪಿಸ್ ಅಂತ ಮುರಿದು ಹೋಗ್ತಿತ್ತು.

"ನೆಗಡಿ ಬಂದ ಬಾತು ಕಣೇ ನೀನು," ಅಂತ ಆಡೆಲ್ಮೋ ರೇಗಿಸೋನು.

"ನೀನು ಗಳ ಬಡಿಯೋದು ನೋಡ್ಕೋ ಅಪ್ಪಾ. ಕುಂಟ ಮರಕುಟಿಕ ಬಡಿದ ಹಾಗಿರುತ್ತೆ," ಅಂತ ಅವಳು.

ಜನವರಿ ಎಣಿಕೆಗೆ ಅವಳು ಎರಡನೇ ಪೀಪಾಯಿಗೆ ಇಳೀತೀನಿ ಅಂದ್ಲು. ಅವನು ಬೇಡ ಅಂದ. ಅವಳು ಕೇಳಬೇಕಲ್ಲ. ಬೇರೆ ಯಾರೋ ಬಿಟ್ಟು ಬರೋದಕ್ಕಿಂತ ನಾನೇ ಬಿಡ್ತೀನಿ ಅಂತ ಕೊನೆಗೆ ಒಪ್ಪಿದ. ಮೊಬೈಲು ಗಿಬೈಲು ಇನ್ನೂ ಬಂದಿರಲಿಲ್ಲ. ಒಂದು ಪೀಪಿ, ಒಂದು ಗಳ, ಅಷ್ಟೇ.

ಮುಂದಿನದು ಆಡೆಲ್ಮೋನೇ ನನಗೆ ಹೇಳಿದ್ದು, ಇದೇ ಮೇಜಿನ ಮೇಲೆ ಕೈ ಊರಿಕೊಂಡು.

ಅವಳನ್ನ ಇಳಿಸಿ ದಡದ ಹತ್ತಿರ ಬಂದು ಕಾಯ್ತಿದ್ದ. ಸೂರ್ಯ ಹುಟ್ಟಿದ. ರಾಜಹಂಸಗಳು ಗುಂಪಾಗಿ ಗೊಣಗ್ತಾ ಇದ್ವು. ಇದ್ದಕ್ಕಿದ್ದ ಹಾಗೆ... ಗೊಣಗು ನಿಂತುಹೋಯ್ತು. ಕೆನ್ನೆಗೆ ಬೆಚ್ಚನೆ ಗಾಳಿ ತಾಗ್ತು. ಶಿರೋಕ್ಕೋ. ತಿರುಗಿ ನೋಡ್ತಾನೆ, ಸಮುದ್ರದ ಕಡೆಯಿಂದ ಮಂಜು ಗೋಡೆ ಥರ ಬರ್ತಾ ಇದೆ. ದೋಣಿ ಕಟ್ಟಿದ್ದ ಗೂಟದ ಮೇಲೆ ನೀರು ಏರ್ತಾ ಇದೆ.

 ನನ್ನ ಅಪ್ಪ ಹೋದ ದಿನ ಇದ್ದದ್ದೂ ಹೀಗೇ.

ಗಳ ಹಾಕಿದ. ಮಂಜಿನೊಳಗೆ ಹೋದ. ದೋಣಿ ಮೂತಿನೇ ಕಾಣಿಸ್ತಿಲ್ಲ. ಟಕ್... ಟಕ್. ಏನೂ ಇಲ್ಲ. ನೀರು ದೋಣಿ ತಳ ನೆಕ್ಕೋ ಸದ್ದು, ಲಪ್, ಲಪ್, ಅಷ್ಟೇ. ಮತ್ತೆ ಬಡಿದ. ಟಕ್... ಟಕ್.

ಫ್ವೀ... ಊ.

ಎಡಕ್ಕೆ. ಅವನ ಲೆಕ್ಕದಲ್ಲಿ ಅವಳು ಬಲಕ್ಕಿರಬೇಕು. ಮಂಜು ಸದ್ದನ್ನ ತಿರುಗಿಸುತ್ತೆ, ಅದು ಎಲ್ಲರಿಗೂ ಗೊತ್ತು. ಎಡಕ್ಕೇ ಹೊರಳಿಸಿದ. ಮತ್ತೆ ಸಿಳ್ಳೆ. ಎಂಥಾ ಸಿಳ್ಳೆ ಅಂತೀರಿ... ಏರಿ, ನಿಂತು, ಕೊನೆಯವರೆಗೂ ಇಳೀತು. ಅವನಿಗೆ ಖುಷಿ ಆಯ್ತಂತೆ! ಅದನ್ನ ಹೇಳೋವಾಗ ನನ್ನ ಹೆಸರು ಹಿಡಿದು ಅತ್ತುಬಿಟ್ಟ. "ದಿರ್ಚೆ, ನನ್ನ ಮಗಳು ಕೊನೆಗೂ ಕಲಿತುಬಿಟ್ಲಲ್ಲ ಅಂತ ಹೆಮ್ಮೆ ಪಟ್ಟೆ ಕಣಮ್ಮಾ," ಅಂದ.

ಹೆಸರು ಕೂಗಬೇಕಿತ್ತು. ಮಿರ್ಕಾ ಅಂತ ಒಂದು ಸಲ ಕೂಗಿದ್ರೆ ಸಾಕಿತ್ತು. ಕೂಗಲಿಲ್ಲ. ನಮ್ಮಲ್ಲಿ ಯಾರೂ ಕೂಗೋದಿಲ್ಲ.

ದೋಣಿ ಪೀಪಾಯಿಗೆ ತಾಗ್ತು. ಟೊಕ್. ಜೊಂಡಿನ ಕಪ್ಪು ನೆರಳು. ಒಬ್ಬರು ಹತ್ತೋವಾಗ ದೋಣಿಯವನು ಆ ಕಡೆಗೆ ಬೆನ್ನು ಮಾಡಿ, ಇನ್ನೊಂದು ಮಗ್ಗುಲಿಗೆ ಮೈಭಾರ ಹಾಕಿ ನಿಲ್ತಾನೆ, ದೋಣಿ ಮಗುಚದಿರಲಿ ಅಂತ. ಅವನೂ ಹಾಗೇ ನಿಂತ. ದೋಣಿ ಜಗ್ಗಿತು. ಬಹಳ ಜಗ್ಗಿತು. ಅಷ್ಟು ಭಾರ ಇಲ್ಲ ನಮ್ಮ ಹುಡುಗಿ... ಬಟ್ಟೆ ನೆನೆದಿದೆ, ಪಾಪ, ಅಂದ್ಕೊಂಡ. ಒದ್ದೆ ಉಣ್ಣೆ ವಾಸನೆ ಬಂತು. ತಿರುಗಿದಾಗ ಅವಳು ಮುಂದೆ ಬೆನ್ನು ಮಾಡಿ ಕೂತಿದ್ಲು. ತಲೆ ಮೇಲೆ ಮುಸುಕು.

"ನೀರು ಒಳಗೆ ಬಂತಾ?" ಅಂತ ಪಿಸುಗುಟ್ಟಿದ.

 ಮುಸುಕು ಸ್ವಲ್ಪ ಅಲ್ಲಾಡ್ತು, ಮಾತು ಬೇಡ ಅನ್ನೋ ಹಾಗೆ. ನನಗೇ ಕಟ್ಟುಪಾಡು ಕಲಿಸ್ತಾಳೆ ಅಂತ ಒಳಗೊಳಗೇ ನಕ್ಕ.

ಗಳ ಹಾಕ್ತಾ ಬಂದ. ದಾರೀಲಿ ಒಂದು ಕಡೆ ಬಲಕ್ಕೆ ಏನೋ ಬಡಿದಾಡಿದ ಸದ್ದು ಬಂತು. ಪಟ ಪಟ ಪಟ. ನಾಮದಕೋಳಿ ನೀರ ಮೇಲೆ ಓಡ್ತಿರಬೇಕು ಅಂದ್ಕೊಂಡು ಮುಂದೆ ಹೋದ.

ದಡ ಬಂತು. ಮೊದಲು ತಾನು ಇಳಿದು, ಬಗ್ಗಿ, ಹಗ್ಗ ಕಟ್ಟಿದ. ಕೈ ಚಾಚಿದ, "ಬಾ ಮಗಾ." ಅಷ್ಟರಲ್ಲಿ ದೋಣಿ ಹಗುರಾಗಿ ಮೇಲೆದ್ದಿತ್ತು. ಖಾಲಿ. ಹಲಗೆ ಮೇಲೆ ಒದ್ದೆ ಹೆಜ್ಜೆ ಏರಿ ಕಡೆ ಹೋಗಿತ್ತು. ಚಳಿ ತಡೀಲಾರದೆ ಓಡಿಬಿಟ್ಲು ಅಂತ ದೋಣಿ ಒಳಗಿನ ನೀರು ಎತ್ತಿ ಚೆಲ್ಲೋಕೆ ಶುರುಮಾಡಿದ.

ಆವಾಗ... ದೂರದಿಂದ, ಹಿನ್ನೀರಿನ ನಡುವಿಂದ...

ಫ್ವೀ... ಪಿಸ್.

ಮುರಿದ ಸಿಳ್ಳೆ. ನೆಗಡಿ ಬಂದ ಬಾತು.

 ಕಟ್ಟಿದ ಹಗ್ಗ ಬಿಚ್ಚೋಕಾಗದೆ ಚಾಕುವಿಂದ ಕತ್ತರಿಸಿದ. ಈ ಸಲ ಕಟ್ಟುಪಾಡು ಗಾಳಿಗೆ ಹೋಯ್ತು. "ಮಿರ್ಕಾ! ಮಿರ್ಕಾ!" ಅಂತ ಗಂಟಲು ಹರಿಯೋ ಹಾಗೆ ಕೂಗಿದ. ಇಡೀ ಹಿನ್ನೀರಿನ ಹಕ್ಕಿ ಒಟ್ಟಿಗೆ ಎದ್ದವು. ಆ ಸದ್ದು ನನಗೂ ಕೇಳಿಸ್ತು, ನಾನು ಹಿತ್ತಲಲ್ಲಿ ಸೌದೆ ಆರಿಸ್ತಿದ್ದೆ. ಆಕಾಶ ಹರಿದ ಹಾಗಾಯ್ತು.

ಅವಳು ಸಿಕ್ಕಾಗ ನೀರು ಕುತ್ತಿಗೆಗೆ ಬಂದಿತ್ತು. ಸ್ಟೂಲ್ ಮೇಲೆ ಹತ್ತಿ ನಿಂತಿದ್ಲು. ಪೀಪಿ ಹಲ್ಲಲ್ಲಿ ಕಚ್ಕೊಂಡೇ ಇದ್ಲು, ಬಿಡಿಸೋಕೆ ಆಗಲಿಲ್ಲ. ತೋಳಿಗೆ ಕೈ ಹಾಕಿ ಎಳ್ಕೊಂಡ.

ಪೀಪಿ ಬಾಯಿಂದ ಬಿದ್ದ ಮೇಲೆ ಅವಳ ಮೊದಲ ಮಾತು ಇದು: "ಅಪ್ಪಾ, ಪಕ್ಕದಲ್ಲೇ ಹೋದೆಯಲ್ಲ. ಎಷ್ಟು ಊದಿದೆ. ನೀರು ಬಡಿದೆ. ಯಾಕೆ ನಿಲ್ಲಿಸ್ಲಿಲ್ಲ?"

"ನನಗೆ ಕೇಳಿಸ್ಲಿಲ್ಲ ಮಗಾ..."

"ಮುಂದೆ ಕೂತಿದ್ದೋರು ಯಾರು? ಅವರಿಗೆ ಕೇಳಿಸ್ತು. ನನ್ನ ಕಡೆ ತಿರುಗಿದ್ರು. ತುಟಿ ಮೇಲೆ ಬೆರಳಿಟ್ಟು... ಸುಮ್ಮನಿರು ಅಂದ್ರು."

ಆಡೆಲ್ಮೋ ದಡದ ಕಡೆ ದೋಣಿ ತಿರುಗಿಸಿದ. ಗಳ ಹಾಕಿದ.

ಈಗ ನನ್ನ ಕಣ್ಣಾರೆ ಕಂಡದ್ದು ಕೇಳಿ. ಇದನ್ನ ಯಾರೂ ನನಗೆ ಹೇಳಿದ್ದಲ್ಲ. ಅವನು ಎರಡನೇ ಸಲ ನೀರಿಗೆ ಹೋದ ಹೊತ್ತಿಗೆ ನಾನು ಸೌದೆ ಹೊತ್ಕೊಂಡು ಒಳಗೆ ಬಂದೆ. ಮುಂಬಾಗಿಲು ಹಾರು ಹೊಡೆದಿತ್ತು. ಮಂಜು ಅಡಿಗೆಮನೆಗೇ ಬರ್ತಿತ್ತು. ಅಮ್ಮ ಒಲೆ ಮುಂದೆ ನಿಂತಿದ್ಲು. ಮೇಜಿನ ಮೇಲೆ ಒಂದು ಬಟ್ಟಲು ಸಾರು, ಹಬೆ ಆಡ್ತಿದೆ. ಪಕ್ಕದಲ್ಲಿ ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಪೊಲೆಂಟಾ ತುಂಡು. ಒಲೆ ಪಕ್ಕದ ಕುರ್ಚಿ ಮುಂದೆ.

"ಯಾರಿಗಮ್ಮಾ ಇದು?"

"ಬಾಗಿಲು ಹಾಕೇ. ಚಳಿ ಬರ್ತಿದೆ."

"ಯಾರು ಬಂದಿದ್ರು?"

"ಮೆಲ್ಲಗೆ ಮಾತಾಡು," ಅಂದ್ಲು.  ಅವಳ ಮುಖ... ಆ ಮುಖವನ್ನ ನಾನು ಕೊನೇ ಸಲ ನೋಡಿದ್ದು ಚಿಕ್ಕವಳಿದ್ದಾಗ, ಅಪ್ಪ ಬೇಟೆಯಿಂದ ಮನೆಗೆ ಬರ್ತಿದ್ದ ಕಾಲದಲ್ಲಿ.

ಸ್ವಲ್ಪ ಹೊತ್ತಿಗೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಸದ್ದು. ಏರಿಯಿಂದ ಇಳಿದ್ರೆ ಮೊದಲು ಸಿಗೋದು ನಮ್ಮ ಮನೆ. ಆಡೆಲ್ಮೋ ಮಗಳನ್ನ ಆತುಕೊಂಡು ಬಾಗಿಲಲ್ಲಿ ನಿಂತ. ಅವಳ ತುಟಿ ನೀಲಿ. ಅವನ ಕಾಲು ಹೊಸ್ತಿಲಿನ ಆಚೆಗೇ ನಿಂತಿತು.

"ಆರ್ಜಿಯಾ ಅಕ್ಕಾ," ಅಂದ, ನೆಲ ನೋಡ್ತಾ. "ನನ್ನನ್ನ ಸೇರಿಸಬೇಡ. ಹುಡುಗೀನ ಒಂದಿಷ್ಟು ಬೆಂಕಿ ಮುಂದೆ ಕೂರಿಸ್ಕೋ. ಕೈ ಮುಗೀತೀನಿ."

ಅಮ್ಮ ಬಾಗಿಲವರೆಗೂ ಹೋದ್ಲು. ಅವನ ಒದ್ದೆ ತೋಳು ಹಿಡ್ಕೊಂಡ್ಲು.

"ನೀನೂ ಬಾರೋ," ಅಂದ್ಲು. "ಇವತ್ತು ಕರ್ಕೊಂಡು ಬಂದೆಯಲ್ಲ."

ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ! ದೋಣೀಲಿ ಯಾರು ಬಂದ್ರು, ಯಾರು ಹೋದ್ರು, ಒಂದಕ್ಷರ ಯಾರಿಗೂ ಹೇಳಿರಲಿಲ್ಲ. ಆ ಮಾತು ಕೇಳಿ ಅಷ್ಟು ದೊಡ್ಡ ಗಂಡಸು ಅಲ್ಲೇ ಕುಸಿದ.

ನಾನು ಹುಡುಗಿ ಕೈ ಹಿಡ್ಕೊಂಡು ಒಳಗೆ ಎಳೆದೆ. "ಬಾರಮ್ಮಾ, ಒಲೆ ಪಕ್ಕ ಕೂತ್ಕೋ."

ಅವಳು ಬರಲಿಲ್ಲ. ಹಲ್ಲು ಕಟಕಟ ಅಂತಿತ್ತು. ಒಲೆ ಕಡೆ ನೋಡಿದ್ಲು. "ಬೇಡ ದಿರ್ಚಕ್ಕ," ಅಂದ್ಲು, ಪಿಸುದನೀಲಿ. "ಅಲ್ಲಿ ಕೂತಿದಾರಲ್ಲ..."

ನಾನು ತಿರುಗಿ ನೋಡಿದೆ. ಕುರ್ಚಿ. ಬಟ್ಟಲು. ಬೆಂಕಿ.

ಏನೂ ಕಾಣಿಸಲಿಲ್ಲ ನನಗೆ. ಅಮ್ಮನಿಗೆ ಕಂಡ, ಮೂರನೇ ಮನೆ ಹುಡುಗಿಗೆ ಕಂಡ. ಸ್ವಂತ ಮಗಳಿಗೆ ಕಾಣಿಸಲಿಲ್ಲ. ಭಯಕ್ಕಿಂತ ಹೊಟ್ಟೆಯುರಿ ಜಾಸ್ತಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಈಗಲೂ ಆಗುತ್ತೆ. ಆ ಹುಡುಗಿ ಊರಿಗೆ ಬಂದು ಎದುರಿಗೆ ಸಿಕ್ಕಾಗೆಲ್ಲ, ಅವನ ಮುಖ ಹೇಗಿತ್ತು ಹೇಳೇ ಅಂತ ಕೇಳೋಣ ಅನ್ನಿಸುತ್ತೆ. ಕೇಳೋಕೆ ಧೈರ್ಯ ಬರಲ್ಲ. ಅವಳ ಕಡೆ ತಿರುಗಿ ಸುಮ್ಮನಿರು ಅಂದನಲ್ಲ... ಅವಳು ಅಲ್ಲೇ ಮುಳುಗಲಿ ಅಂತ ಅಂದನಾ, ಇಲ್ಲ ಹಳೇ ಅಭ್ಯಾಸಕ್ಕೆ ಅಂದನಾ? ನನ್ನ ಅಪ್ಪ ಅಂಥವನಲ್ಲ. ಆದ್ರೆ ಅಷ್ಟು ವರ್ಷ ತಣ್ಣೀರಲ್ಲಿ ನಿಂತೋನು ಇನ್ನೂ ನನ್ನ ಅಪ್ಪನೇ ಅಂತ ಹೇಗೆ ಹೇಳ್ಲಿ?

ಮಿರ್ಕಾ ಬದುಕಿದ್ಲು. ಮದುವೆ ಆಗಿ ರಾವೆನ್ನಾದಲ್ಲಿದಾಳೆ. ದುರ್ಬೀನು ಮುಟ್ಟಲ್ಲ. ಅಮ್ಮ ಆ ವಸಂತದಲ್ಲೇ ಹೋದ್ಲು, ನಿದ್ದೇಲಿ, ನೆಮ್ಮದಿಯಾಗಿ. ಅವಳನ್ನ ಮಣ್ಣು ಮಾಡಿದ ಮೇಲೆ ಅಪ್ಪನೂ ಹೋಗಿರ್ತಾನೆ ಅಂದ್ಕೊಂಡೆ.

ಹೋಗಿಲ್ಲ.

ಇದು ಕಟ್ಟುಕತೆ ಅನ್ನೋರಿಗೆ ನಾನು ವಾದ ಮಾಡಲ್ಲ. ಈ ಕಡೆ ಬನ್ನಿ. ದೀಪ ಹಿಡೀತೀನಿ. ಕುರ್ಚಿ ಹಲಗೆ ಮೇಲೆ ಬೆಳ್ಳಗೆ ಗೆರೆ ಗೆರೆ ಕಾಣುತ್ತಾ? ಉಪ್ಪು. ದಿನಾ ಬೆಳಿಗ್ಗೆ ಇದು ಒದ್ದೆ ಆಗಿರುತ್ತೆ, ನಾನೇ ಒರೆಸ್ತೀನಿ. ಒಣಗಿದ ಮೇಲೆ ಉಪ್ಪು ಉಳಿಯುತ್ತೆ. ನಮ್ಮನೆ ಬಾವಿ ಸಿಹಿನೀರು. ನನ್ನ ಮಾತು ಬೇಡ, ಬೆಳಿಗ್ಗೆ ಕಾಫಿಗೆ ಬಂದಾಗ ನೀವೇ ಮುಟ್ಟಿ ನೋಡಿ.

ನಾಳೆ ಮಂಜು ಇಳಿದ್ರೆ ಬಾಯಿ ಬಿಟ್ಟು ಹೆಸರು ಕೂಗಿ. ಹಕ್ಕಿ ಹಾರಿ ಹೋದ್ರೆ ಹೋಗಲಿ, ಎಣಿಕೆ ಮುಂದಿನ ವರ್ಷಾನೂ ಇರುತ್ತೆ. ಎಷ್ಟೇ ಚೆನ್ನಾಗಿ ಕೇಳಿಸಿದ್ರೂ ಬರೀ ಸಿಳ್ಳೆ ನಂಬ್ಕೊಂಡು ಹೋಗಬೇಡಿ.

ನೀವು ಬರೋ ಮುಂಚೆ ಈ ಕುರ್ಚಿ ಮುಟ್ಟಿ ನೋಡಿದ್ದೆ. ಈಗಲೂ ಮುಟ್ಟಿದೆ. ಒಣಗಿದೆ, ಅಪ್ಪ ಇನ್ನೂ ಬಂದಿಲ್ಲ. ಪಂಪ್‌ಹೌಸ್ ಹತ್ರ ಸಿಳ್ಳೆ ಕೇಳಿಸ್ತು ಅಂದ್ರಲ್ಲ, ಇನ್ನೇನು ಬರೋ ಹೊತ್ತು. ನೀವು ಹೋಗಿ ಮಲಗಿ. ಕೊನೆಗೆ ದೀಪ ಆರಿಸೋರು ಮುಂಬಾಗಿಲಿಗೆ ಅಗಳಿ ಮಾತ್ರ ಹಾಕಬೇಡಿ.